ವೃದ್ಧಾಶ್ರಮದ ಗೋಡೆಗೆ ಚಿತ್ರ ಬೇಕೆ? ಮೊದಲು ಅಜ್ಜಿಯನ್ನು ಕೇಳಿ

ಮದ್ದೂರಿನ ಬಳಿ, ಶಿಂಷಾ ನದಿಯ ದಂಡೆಯಲ್ಲಿರುವ ವೈದ್ಯನಾಥಪುರಕ್ಕೆ ಆ ಹೆಸರು ಬಂದದ್ದು ಅಲ್ಲಿ ನೆಲೆಸಿರುವ ವೈದ್ಯನಾಥೇಶ್ವರನಿಂದ. ಶಿವನನ್ನು ವೈದ್ಯನೆಂದು ನಂಬಿದ ಊರು ಅದು. ಇಂಥ ದೇವಸ್ಥಾನಗಳಿಗೆ ಕಾಯಿಲೆಯವರು, ವಯಸ್ಸಾದವರು ಬರುವುದು ಪೂಜೆ ಮಾಡಿಸುವುದಕ್ಕೆ ಮಾತ್ರವೇ ಅಲ್ಲ. ತಣ್ಣನೆಯ ಕಲ್ಲಿನ ಮೇಲೆ ಒಂದಿಷ್ಟು ಹೊತ್ತು ಕುಳಿತು, ಕಂಬಕ್ಕೆ ಬೆನ್ನು ಕೊಟ್ಟು, ಹೋಗಿ ಬರುವವರನ್ನು ನೋಡುವುದಕ್ಕೂ ಬರುತ್ತಾರೆ. ಹಳ್ಳಿಯ ಮುದುಕರಿಗೆ ಪಿಂಚಣಿ ಇರಲಿ ಬಿಡಲಿ, ಕೂರುವುದಕ್ಕೊಂದು ಅರಳಿಕಟ್ಟೆ, ಕಣ್ಣಿಗೊಂದು ನಾಗರಕಲ್ಲು, ಕೆತ್ತನೆಯ ಕಂಬ ಇದ್ದೇ ಇರುತ್ತಿತ್ತು. ಅವೆಲ್ಲ ತಾವಾಗಿ ಹುಟ್ಟಿದವಲ್ಲ. ಯಾರೋ ಹಣ ಕೊಟ್ಟರು, ಯಾರೋ ಕಲ್ಲುಕುಟಿಗನನ್ನು ಕರೆತಂದರು, ಯಾರೋ ಕೆತ್ತಿದರು. 'ಸಾರ್ವಜನಿಕ ಕಲೆ' ಎಂಬ ದೊಡ್ಡ ಮಾತು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಊರವರು ಅದನ್ನು ಮಾಡಿಸುತ್ತಿದ್ದರು.

ಈಗ ಕಟ್ಟೆಯ ಮೇಲೆ ಕೂರಬೇಕಾದವರಲ್ಲಿ ಎಷ್ಟೋ ಮಂದಿ ಬೇರೆ ಕಡೆ ಇದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ, ಇಲ್ಲವೇ ಸಮುದ್ರದಾಚೆ. 2011ರ ಜನಗಣತಿಯಂತೆ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚು. ಕರ್ನಾಟಕದಲ್ಲಿ ನೂರಕ್ಕೆ ಒಂಬತ್ತಕ್ಕಿಂತ ಹೆಚ್ಚು. ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಆದ ಕೇಂದ್ರದ ಕಾಯ್ದೆಯು ಜಿಲ್ಲೆಗೆ ಒಂದಾದರೂ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಎಡೆಯಿರುವ ವೃದ್ಧಾಶ್ರಮದ ಮಾತನ್ನು ಆಡುತ್ತದೆ. ಹಣವುಳ್ಳವರಿಗೆಂದು ನಗರಗಳ ಅಂಚಿನಲ್ಲಿ 'ನಿವೃತ್ತರ ಬಡಾವಣೆ'ಗಳು ಏಳುತ್ತಿವೆ. ಅಂಥ ಕಟ್ಟಡಗಳಲ್ಲಿ ಊಟ ಇರುತ್ತದೆ, ಔಷಧ ಇರುತ್ತದೆ, ಹಿಡಿದು ನಡೆಯಲು ಕಂಬಿ ಇರುತ್ತದೆ. ಗೋಡೆಯ ಮೇಲೆ ಏನಿರುತ್ತದೆ? ಸಾಮಾನ್ಯವಾಗಿ ಒಂದು ಕ್ಯಾಲೆಂಡರು, ಹಾರ ಹಾಕಿದ ಒಂದು ಫೋಟೋ, ದಾನಿಗಳ ಹೆಸರು ಕೊರೆದ ಒಂದು ಅಮೃತಶಿಲೆಯ ಹಲಗೆ.

ಆ ಗೋಡೆಗೆ, ಆ ಅಂಗಳಕ್ಕೆ ಒಂದು ಕಲಾಕೃತಿ ಮಾಡಿಸಬೇಕೆಂದರೆ ಹೇಗೆ? ಹಣ ಯಾರದು, ಆಯ್ಕೆ ಯಾರದು, ಮಾಡುವವರು ಯಾರು? ಚಿತ್ರಕಲೆ ಕಲಿಯುತ್ತಿರುವ ಹುಡುಗ ಹುಡುಗಿಯರಿಗೂ, 'ಇದರಿಂದ ಹೊಟ್ಟೆ ತುಂಬೀತೇ' ಎಂದು ಒಳಗೊಳಗೇ ಚಿಂತಿಸುವ ತಂದೆತಾಯಿಯರಿಗೂ ಈ ಪ್ರಶ್ನೆ ಸಂಬಂಧಿಸಿದ್ದೇ.

ಸೋಮನಾಥ ದಂಡನಾಯಕ ಮಾಡಿಸಿದ್ದು

ದೂರ ಹೋಗುವುದು ಬೇಡ. ಮದ್ದೂರಿನಿಂದ ಮಳವಳ್ಳಿ ದಾಟಿ ಬನ್ನೂರಿನ ಕಡೆ ಹೊರಟರೆ ಸೋಮನಾಥಪುರ ಸಿಗುತ್ತದೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥ ಹದಿಮೂರನೆಯ ಶತಮಾನದ ಮಧ್ಯಭಾಗದಲ್ಲಿ ಕಾವೇರಿಯ ಸಮೀಪ ತನ್ನ ಹೆಸರಿನಲ್ಲಿ ಒಂದು ಅಗ್ರಹಾರ ಕಟ್ಟಿದ. ಮನೆಗಳನ್ನು ಹಂಚಿದ, ಅವರ ನಡುವೆ ಕೇಶವ ದೇವಾಲಯವನ್ನು ಎಬ್ಬಿಸಿದ. ಅದು ವೃದ್ಧಾಶ್ರಮವಲ್ಲ, ನಿಜ. ಆದರೆ ಯೋಜನೆ ಹಾಕಿ ಕಟ್ಟಿದ ಒಂದು ವಸತಿ, ಅಲ್ಲಿ ಬಾಳುವವರ ಕಣ್ಣೆದುರಿಗೆಂದು ಮಾಡಿಸಿದ ಕಲೆ, ಅದರ ನಿರ್ವಹಣೆಗೆಂದು ಬಿಟ್ಟ ದತ್ತಿ, ಈ ಮೂರೂ ಒಂದೇ ಕಡೆ ದಾಖಲೆಯೊಂದಿಗೆ ಉಳಿದಿರುವ ಜಾಗ ಇಷ್ಟು ಹತ್ತಿರದಲ್ಲಿ ಇನ್ನೊಂದಿಲ್ಲ. ಹೆಬ್ಬಾಗಿಲಲ್ಲಿ ನಿಂತಿರುವ ದೊಡ್ಡ ಶಾಸನದ ಕಲ್ಲೇ ಆ ದಾಖಲೆ. ಅಂದಹಾಗೆ, ಬೇಲೂರು ಹಳೇಬೀಡುಗಳ ಜೊತೆ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 2023ರಲ್ಲಿ.

ಆ ಕಾಲದ 'ಸಾರ್ವಜನಿಕ' ಎಷ್ಟು ಇಕ್ಕಟ್ಟಾಗಿತ್ತು ಎನ್ನುವುದನ್ನೂ ಹೇಳಬೇಕು. ಅಗ್ರಹಾರ ವಿದ್ವಾಂಸ ಬ್ರಾಹ್ಮಣರಿಗೆ ಕೊಟ್ಟದ್ದು. ಕಲ್ಲು ಹೊತ್ತವರ ಪಾಲು ಅದರಲ್ಲಿರಲಿಲ್ಲ. ಹೀಗಿದ್ದರೂ ಅಲ್ಲೊಂದು ವಿಶೇಷ ನಡೆಯಿತು. ಕೆತ್ತಿದವರು ವಿಗ್ರಹಗಳ ಕೆಳಗೆ ತಮ್ಮ ಹೆಸರು ಬರೆದರು. ಮಲ್ಲಿತಮ್ಮ, ಮಸಣಿತಮ್ಮ, ಚಾಮೆಯ, ರಾಮೆಯ, ಚೌಡೆಯ, ನಂಜೆಯ. ಈ ಪೈಕಿ ಹೆಚ್ಚು ಸಲ ಸಿಗುವುದು ಮಲ್ಲಿತಮ್ಮನ ಹೆಸರು. ಕೆಲವು ಕಡೆ ಬರೇ 'ಮಲ್ಲಿ', ಕೆಲವು ಕಡೆ ಒಂದೇ ಅಕ್ಷರ 'ಮ'. ನೋಡುವವರಿಗೆ ಅಷ್ಟು ಸಾಕು, ಯಾರ ಕೈ ಎಂದು ಗೊತ್ತಾಗುತ್ತದೆ ಎಂಬ ಭರವಸೆ ಅವನಿಗಿತ್ತೆಂದು ಕಾಣುತ್ತದೆ.

ಈ ಮಲ್ಲಿತಮ್ಮನ ಹೆಸರು ತರೀಕೆರೆಯ ಬಳಿಯ ಅಮೃತಪುರದಲ್ಲೂ ಇದೆ. ಅಲ್ಲಿನ ಅಮೃತೇಶ್ವರ ದೇವಾಲಯ 1196ರದು. ನುಗ್ಗೇಹಳ್ಳಿಯಲ್ಲೂ ಅವನ ಕೆಲಸವಿದೆ, ಅದು 1246ರದು. ಸೋಮನಾಥಪುರ ಅದಕ್ಕೂ ಈಚಿನದು. ಎಲ್ಲ ಕಡೆ ಇರುವುದು ಒಬ್ಬನೇ ಮಲ್ಲಿತಮ್ಮ ಎಂದು ವಿದ್ವಾಂಸರು ಹೇಳುವ ಮಾತನ್ನು ಒಪ್ಪಿದರೆ, ಅವನು ಹುಡುಗನಾಗಿ ಉಳಿ ಹಿಡಿದು ಅರವತ್ತು ವರ್ಷಗಳಿಗೂ ಮೀರಿ ಕೆಲಸ ಮಾಡಿದವನು. ಎಂದರೆ ಕೇಶವ ದೇವಾಲಯದ ಹೊರಗೋಡೆಯ ಮುಂದೆ ನಿಂತಿದ್ದಾಗ ಅವನು ಎಂಬತ್ತರ ಆಸುಪಾಸಿನ ಮುದುಕ! ಇಂದಿನ ಲೆಕ್ಕದಲ್ಲಿ ನಿವೃತ್ತಿಯಾಗಿ ಇಪ್ಪತ್ತು ವರ್ಷವಾಗಿರಬೇಕಾದವನು. ಅವನನ್ನು ಸೋಮನಾಥ ಮನೆಗೆ ಕಳಿಸಲಿಲ್ಲ; ಅತಿ ಹೆಚ್ಚು ವಿಗ್ರಹಗಳನ್ನು ಅವನ ಕೈಗೇ ಒಪ್ಪಿಸಿದ.

ಇನ್ನೊಬ್ಬ ಮುದುಕ, ಇನ್ನೊಂದು ಮನೆ

ಮುದಿ ಕಲಾವಿದನೂ ಮುದುಕರ ಮನೆಯೂ ನೇರವಾಗಿ ಎದುರಾದ ಪ್ರಸಂಗ ಹಾಲೆಂಡಿನ ಹಾರ್ಲೆಮ್ ಪಟ್ಟಣದ್ದು. ಅಲ್ಲಿ ಹದಿನೇಳನೆಯ ಶತಮಾನದ ಮೊದಲಿಗೇ ವೃದ್ಧ ಗಂಡಸರಿಗೆಂದು ಒಂದು ಆಶ್ರಮ ಕಟ್ಟಿದ್ದರು. ಅಂಗಳದ ಸುತ್ತ ಸಾಲುಮನೆಗಳು. ಸೇರಲು ಅರವತ್ತು ತುಂಬಿರಬೇಕು, ಹಾಸಿಗೆ ಹೊದಿಕೆ ತಾನೇ ತರಬೇಕು. ಇದನ್ನು ನಡೆಸುತ್ತಿದ್ದವರು ಊರಿನ ಗಣ್ಯರ ಆಡಳಿತ ಮಂಡಳಿ.

1664ರ ಸುಮಾರಿಗೆ ಆ ಮಂಡಳಿಯವರು ತಮ್ಮ ಸಭಾಂಗಣಕ್ಕೆ ಎರಡು ದೊಡ್ಡ ಚಿತ್ರ ಮಾಡಿಸಿದರು. ಕರೆಸಿದ್ದು ಅದೇ ಊರಿನ ಫ್ರಾನ್ಸ್ ಹಾಲ್ಸ್‌ನನ್ನು. ಆಗ ಅವನಿಗೆ ಎಂಬತ್ತು ದಾಟಿತ್ತು. ಒಂದು ಕಾಲಕ್ಕೆ ಹೆಸರಾಂತ ಚಿತ್ರಕಾರ. ಈಗ ಕೈಯಲ್ಲಿ ಕಾಸಿಲ್ಲ. ನಗರಸಭೆಯು ಅವನಿಗೆ ವರ್ಷಕ್ಕೆ 200 ಗಿಲ್ಡರಿನ ಮಾಸಾಶನ ಗೊತ್ತುಮಾಡಿದ್ದು ಆ ವರ್ಷವೇ. ಅವನೂ ಅದೇ ಆಶ್ರಮದಲ್ಲಿ ಇದ್ದನೆಂದು ಬಹಳ ಕಾಲ ಒಂದು ಕತೆ ಹಬ್ಬಿತ್ತು. ಅದು ಕತೆ ಮಾತ್ರ.

ಆ ಚಿತ್ರಗಳಲ್ಲಿ ಒಂದರಲ್ಲಿ ಆಡಳಿತದ ಗಂಡಸರು, ಇನ್ನೊಂದರಲ್ಲಿ ಆಡಳಿತದ ಹೆಂಗಸರು. ಕಪ್ಪು ಉಡುಪು, ಬಿಳಿ ಕತ್ತುಪಟ್ಟಿ, ಮುಪ್ಪಡರಿದ ಮುಖಗಳು, ಮೂಳೆ ಕಾಣುವ ಕೈಗಳು. ಕುಂಚದ ಹೊಡೆತ ಒರಟು, ಅವಸರದ್ದು ಎನ್ನಿಸುವಂಥದ್ದು. ಎರಡು ನೂರು ವರ್ಷಗಳ ನಂತರದ ಚಿತ್ರಕಾರರು ಅದನ್ನೇ ಕಂಡು ಬೆರಗಾದರು. ಗಂಡಸರ ಜೊತೆ ಒಬ್ಬ ಸೇವಕ ನಿಂತಿದ್ದಾನೆ, ಹೆಂಗಸರ ಜೊತೆ ಒಬ್ಬಳು ಮನೆಯಾಳು. ಆದರೆ ಆ ಮನೆ ಯಾರಿಗಾಗಿ ಇತ್ತೋ ಆ ಮುದುಕರು? ಒಬ್ಬರೂ ಇಲ್ಲ. ಹಣ ಕೊಟ್ಟವರು ಚಿತ್ರದಲ್ಲಿದ್ದಾರೆ, ಬಾಳಿದವರು ಹೊರಗಿದ್ದಾರೆ. ನಮ್ಮ ಆಶ್ರಮಗಳ ಅಮೃತಶಿಲೆಯ ಹಲಗೆಗೂ ಇದಕ್ಕೂ ಅಂಥ ವ್ಯತ್ಯಾಸವೇನಿಲ್ಲ, ಹಾಲ್ಸ್‌ನ ಕೈಚಳಕವೊಂದನ್ನು ಬಿಟ್ಟರೆ. 1913ರಿಂದ ಆ ಕಟ್ಟಡ ಅವನ ಹೆಸರಿನ ವಸ್ತುಸಂಗ್ರಹಾಲಯ.

ಅದಕ್ಕೂ ಒಂದೂವರೆ ಶತಮಾನ ಹಿಂದೆ, ಈಗ ಫ್ರಾನ್ಸಿಗೆ ಸೇರಿರುವ ಇಸೆನ್‌ಹೈಮ್ ಎಂಬಲ್ಲಿ ಬೇರೊಂದು ಬಗೆಯ ಕೆಲಸ ನಡೆದಿತ್ತು. ಬೂಷ್ಟು ಹಿಡಿದ ರೈ ಧಾನ್ಯ ತಿಂದು ಮೈ ಉರಿ ಬಂದು, ಕೈಕಾಲು ಕಪ್ಪಾಗಿ ಕೊಳೆಯುವ ರೋಗಿಗಳನ್ನು ಅಲ್ಲಿನ ಮಠ ನೋಡಿಕೊಳ್ಳುತ್ತಿತ್ತು. ಮಠದವರು ಗ್ರ್ಯೂನೆವಾಲ್ಡ್ ಎಂಬ ಚಿತ್ರಕಾರನಿಂದ 1512ರಿಂದ 1516ರವರೆಗೆ ಪೂಜಾಪೀಠದ ಚಿತ್ರ ಬರೆಸಿದರು. ಶಿಲುಬೆಯ ಮೇಲಿನ ಯೇಸುವಿನ ಮೈತುಂಬ ಅವನು ಹುಣ್ಣುಗಳನ್ನು ಬರೆದ. ಎದುರಿಗೆ ನರಳುತ್ತಿದ್ದವರ ನೋವೇ ಆ ಚಿತ್ರದಲ್ಲಿತ್ತು. ನೋಡುವವರು ಯಾರೆಂದು ತಿಳಿದು ಮಾಡಿದ ಕೆಲಸವೆಂದರೆ ಅದು. ಕೊಲ್ಮಾರ್ ಪಟ್ಟಣದಲ್ಲಿ ಅದನ್ನು ಇಂದಿಗೂ ನೋಡಬಹುದು.

ಹಾಗೆಂದು ಎಲ್ಲ ಹಾಸಿಗೆಯ ಎದುರಿಗೂ ಹುಣ್ಣಿನ ಚಿತ್ರ ತೂಗುಹಾಕಲಾದೀತೇ! ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದವರ ಮೇಲೆ ರೋಜರ್ ಉಲ್ರಿಚ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ಒಂದು ಪರೀಕ್ಷೆ ಮಾಡಿದರು. ಕೆಲವರ ಎದುರು ನೀರು, ಮರಗಳ ಬಯಲು ನೋಟ. ಕೆಲವರ ಎದುರು ನವ್ಯ ರೇಖಾಚಿತ್ರ. ಕೆಲವರ ಎದುರು ಖಾಲಿ ಗೋಡೆ. ನೀರು ಮರ ನೋಡಿದವರ ಆತಂಕ ಕಡಿಮೆಯಾಗಿತ್ತು. ನೇರ ಗೆರೆಗಳ ನವ್ಯ ಚಿತ್ರ ನೋಡಿದವರ ಆತಂಕ ಖಾಲಿ ಗೋಡೆ ನೋಡಿದವರಿಗಿಂತಲೂ ಹೆಚ್ಚಾಗಿತ್ತಂತೆ. ಕಲಾಶಾಲೆಯ ವಿದ್ಯಾರ್ಥಿಗಳಿಗೆ ಇದು ರುಚಿಸದಿರಬಹುದು. ನವ್ಯಕಲೆ ಕೆಟ್ಟದ್ದೆಂದು ಅದರ ಅರ್ಥವಲ್ಲ. ಮಲಗಿದವನು ಎದ್ದುಹೋಗಲಾರ, ಬೇಡವೆಂದರೂ ಎದುರಿಗಿರುವುದನ್ನೇ ನೋಡುತ್ತಿರಬೇಕು ಎನ್ನುವುದು ಗಮನಿಸಬೇಕಾದ ಮಾತು. ಗ್ಯಾಲರಿಗೆ ಹೋದವನು ಐದು ನಿಮಿಷ ನೋಡಿ ಹೊರಬರುತ್ತಾನೆ. ವೃದ್ಧಾಶ್ರಮದ ಅಜ್ಜಿ ಅದೇ ಗೋಡೆಯ ಎದುರು ಹತ್ತು ವರ್ಷ ಊಟ ಮಾಡುತ್ತಾಳೆ.

ಕೇಳದೆ ಇಟ್ಟದ್ದು, ಹೇಳದೆ ಕಿತ್ತದ್ದು

ಕೇಳದೆ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ನ್ಯೂಯಾರ್ಕಿನ ಒಂದು ಪ್ರಸಂಗ ಪ್ರಸಿದ್ಧ. ಅಲ್ಲಿನ ಸರ್ಕಾರಿ ಕಚೇರಿಗಳ ಅಂಗಳಕ್ಕೆ ಶಿಲ್ಪಿ ರಿಚರ್ಡ್ ಸೆರಾ 1981ರಲ್ಲಿ 120 ಅಡಿ ಉದ್ದ, 12 ಅಡಿ ಎತ್ತರದ, ತುಕ್ಕು ಬಣ್ಣದ ಉಕ್ಕಿನ ಬಾಗಿದ ಗೋಡೆ ನಿಲ್ಲಿಸಿದ. ಸರ್ಕಾರವೇ ಮಾಡಿಸಿದ್ದು. ಆರಿಸಿದವರು ತಜ್ಞರು. ದಿನಾ ಆ ಅಂಗಳ ದಾಟಿ ಕೆಲಸಕ್ಕೆ ಹೋಗುವ ನೌಕರರನ್ನು ಯಾರೂ ಕೇಳಿರಲಿಲ್ಲ. ದೂರುಗಳು ಬಂದವು. 1985ರಲ್ಲಿ ಬಹಿರಂಗ ವಿಚಾರಣೆ ನಡೆದಾಗ ಉಳಿಸಿ ಎಂದವರೇ ಹೆಚ್ಚು ಎನ್ನುವುದು ಸ್ವಾರಸ್ಯ. ಆದರೂ 1989ರಲ್ಲಿ ಅದನ್ನು ರಾತ್ರೋರಾತ್ರಿ ಕತ್ತರಿಸಿ ಸಾಗಿಸಿದರು. ಯಾರದು ತಪ್ಪು ಎಂಬ ವಾದ ಇನ್ನೂ ಮುಗಿದಿಲ್ಲ. ಆಮೇಲೆ ಅಲ್ಲಿನ ಸರ್ಕಾರ ತನ್ನ ಕ್ರಮ ಬದಲಿಸಿ, ಜಾಗವನ್ನು ಬಳಸುವ ಜನರನ್ನು ಮೊದಲಿನಿಂದಲೇ ಸೇರಿಸಿಕೊಳ್ಳತೊಡಗಿತು.

ನಮ್ಮ ದೇಶದಲ್ಲಿ ನಡೆದದ್ದು ಇದರ ಇನ್ನೊಂದು ಮಗ್ಗುಲು. ದೆಹಲಿಯ ವಿಜ್ಞಾನ ಭವನಕ್ಕೆ ಸರ್ಕಾರ 1957ರಲ್ಲಿ ಶಿಲ್ಪಿ ಅಮರನಾಥ ಸೆಹಗಲ್ ಅವರಿಂದ ಕಂಚಿನ ಭಾರಿ ಭಿತ್ತಿಶಿಲ್ಪ ಮಾಡಿಸಿತು. ಅದರಲ್ಲಿ ಹೊಲ ಉಳುವವರು, ದುಡಿಯುವವರು, ಹಳ್ಳಿಯ ಬದುಕು. ಮುಗಿಯಲು ಐದು ವರ್ಷ ಹಿಡಿಯಿತು. 1979ರಲ್ಲಿ ಕಟ್ಟಡ ನವೀಕರಿಸುವಾಗ ಶಿಲ್ಪಿಗೆ ಒಂದು ಮಾತೂ ತಿಳಿಸದೆ ಅದನ್ನು ಕಿತ್ತು ಉಗ್ರಾಣಕ್ಕೆ ಹಾಕಿದರು. ತುಣುಕುಗಳು ಹಾಳಾದವು. ಸೆಹಗಲ್ 1992ರಲ್ಲಿ ನ್ಯಾಯಾಲಯಕ್ಕೆ ಹೋದರು; 2005ರಲ್ಲಿ ದೆಹಲಿ ಹೈಕೋರ್ಟು ಅವರ ಪರ ತೀರ್ಪು ಕೊಟ್ಟು, ಉಳಿದದ್ದನ್ನು ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ಮಾರಿದ ಮೇಲೂ ಕೃತಿಯ ಮೇಲೆ ಕಲಾವಿದನ ನೈತಿಕ ಹಕ್ಕು ಉಳಿಯುತ್ತದೆ ಎನ್ನುವ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಸೆಕ್ಷನ್ ಆ ದಿನ ಕಲಾವಿದರ ಬಾಯಲ್ಲೆಲ್ಲ ಕೇಳಿಬಂತು. ಕಲೆ ಕಲಿಯುವವರು ಬಣ್ಣದ ಹೆಸರುಗಳ ಜೊತೆ ಈ ಸೆಕ್ಷನ್ನಿನ ಸಂಖ್ಯೆಯನ್ನೂ ನೆನಪಿಟ್ಟುಕೊಳ್ಳಬೇಕು.

ಮಂಡ್ಯದ ಅಜ್ಜಿಗೆ ಏನು ಬೇಕು?

ಮಂಡ್ಯದ ಕಡೆಯ ಒಂದು ವೃದ್ಧಾಶ್ರಮವನ್ನು ಊಹಿಸಿಕೊಳ್ಳಿ. ಅಲ್ಲಿನ ಅಜ್ಜಿಗೆ 'ನಿಮಗೆ ಎಂಥ ಭಿತ್ತಿಚಿತ್ರ ಬೇಕು' ಎಂದರೆ 'ನಂಗೇನು ಗೊತ್ತಪ್ಪ' ಎಂದು ಮುಖ ತಿರುಗಿಸಿಯಾಳು. ಪ್ರಶ್ನೆಪತ್ರಿಕೆ ಹಿಡಿದು ಹೋದವರಿಗೆ ಸಿಗುವುದು ಅಷ್ಟೇ. ಎರಡು ಮೂರು ಮಧ್ಯಾಹ್ನ ಪಕ್ಕದಲ್ಲಿ ಕುಳಿತರೆ ಬೇರೆ ಮಾತು ಹೊರಡುತ್ತದೆ. ಆಲೆಮನೆಯ ಕೊಪ್ಪರಿಗೆಯಿಂದ ಏಳುವ ಬೆಲ್ಲದ ಹೊಗೆ, ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತು ಸಾಲುಗಟ್ಟಿದ ಗಾಡಿಗಳು, ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ದಿನ. ಹಳಬರಲ್ಲಿ ಆ ನಾಲೆಗೆ ಇರ್ವಿನ್ ನಾಲೆ ಎಂಬ ಹೆಸರೂ ಇತ್ತು. ತಂದೆಯ ಬಾಯಲ್ಲಿ ಕೇಳಿದ ಶಿವಪುರದ ಧ್ವಜ ಸತ್ಯಾಗ್ರಹದ ಕತೆಯೂ ಬರಬಹುದು. ಅದು ಮದ್ದೂರಿನಲ್ಲೇ, 1938ರ ಏಪ್ರಿಲ್‌ನಲ್ಲಿ ನಡೆದದ್ದು, ಅದರ ನೆನಪಿನ ಸೌಧವೂ ಅಲ್ಲೇ ಇದೆ. ಇಷ್ಟು ಕೇಳಿಸಿಕೊಂಡ ಹುಡುಗಿಗೆ ಗೋಡೆಯ ಮೇಲೆ ಏನು ಬರೆಯಬೇಕೆಂಬ ಚಿಂತೆ ಉಳಿಯದು. ಯಾವುದನ್ನು ಬಿಡಬೇಕೆಂಬುದೇ ಚಿಂತೆಯಾದೀತು.

ಹೇಗೆ ಬರೆಯಬೇಕು ಎನ್ನುವುದರಲ್ಲೂ ವಯಸ್ಸಿನ ಮಾತಿದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ. ನೀಲಿ ಯಾವುದು ಹಸಿರು ಯಾವುದು ಎಂದು ಬೇರ್ಪಡಿಸುವುದು ಕಷ್ಟವಾಗುತ್ತದೆ. ತಿಳಿಬಣ್ಣದ ಮೇಲೆ ತಿಳಿಬಣ್ಣದ ಸೊಗಸು ಯುವಕರಿಗೆ ಚೆಂದ, ಅಜ್ಜನಿಗೆ ಅದು ಮಂಜು. ಗಾಜು ಹಾಕಿದ ಚಿತ್ರದ ಮೇಲೆ ಕಿಟಕಿಯ ಬೆಳಕು ಬಿದ್ದು ಹೊಳೆದರೆ ಏನೂ ಕಾಣುವುದಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣಿನ ಮಟ್ಟ ನೆಲದಿಂದ ಸುಮಾರು ನಾಲ್ಕು ಅಡಿ. ನಿಂತವರ ಮಟ್ಟಕ್ಕೆ ತೂಗುಹಾಕಿದ್ದು ಅವರಿಗೆ ಸೂರಿನ ಚಿತ್ರ. ನೆಲದ ಮೇಲೆ ಕಪ್ಪು ರಂಗೋಲಿ ವಿನ್ಯಾಸ ಹಾಕಿಸುವ ಆಸೆಯಿದ್ದರೆ ಬಿಡುವುದು ಒಳ್ಳೆಯದು. ಮರೆವಿನ ಕಾಯಿಲೆಯವರಿಗೆ ಕಪ್ಪು ಪಟ್ಟಿ ಹಳ್ಳದಂತೆ ಕಾಣುತ್ತದೆ, ದಾಟಲಾರದೆ ನಿಂತುಬಿಡುತ್ತಾರೆ.

ಕಣ್ಣು ಮಂದವಾದವರಿಗೆ ಕೈ ಇದೆಯಲ್ಲ! ಮುಟ್ಟಬಹುದಾದ ಕಲೆಗೆ ಈ ಸೀಮೆಯಲ್ಲಿ ಬರವಿಲ್ಲ. ಪಕ್ಕದ ಚನ್ನಪಟ್ಟಣದಲ್ಲಿ ಹಾಲೆಮರವನ್ನು ಚರಕಿಗೆ ಕೊಟ್ಟು, ತಿರುಗುವಾಗಲೇ ಅರಗಿನ ಬಣ್ಣ ಒತ್ತಿ ನುಣುಪು ಮಾಡುತ್ತಾರೆ. ಮೂಲೆಯಿಲ್ಲ, ಚುಚ್ಚುವುದಿಲ್ಲ, ಕೆಂಪು ಹಳದಿ ದೂರಕ್ಕೇ ಕಾಣುತ್ತದೆ. ಮಕ್ಕಳ ಆಟಿಕೆಗೆ ಒಳ್ಳೆಯದಾದ ಈ ಗುಣಗಳೆಲ್ಲ ಮುದುಕರ ಮನೆಯ ಕಂಬಿಗೂ ಬಾಗಿಲ ಹಿಡಿಗೂ ಒಳ್ಳೆಯವೇ. ನಾಗಮಂಗಲದಲ್ಲಿ ಲೋಹದ ವಿಗ್ರಹ ಎರೆಯುವವರಿದ್ದಾರೆ. ಮಾಲೂರಿನ ಶಿವಾರಪಟ್ಟಣದಲ್ಲಿ ಕಲ್ಲು ಕೆತ್ತುವ ಮನೆತನಗಳಿವೆ. ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತುಗಳಿಂದ ವರ್ಷವರ್ಷವೂ ಹುಡುಗರು ಹೊರಬರುತ್ತಾರೆ. ಇವರಿಗೆಲ್ಲ ಕೆಲಸ ಮಾಡಿಸುವವರು ಬೇಕು.

ಹಣದ ಮಾತು. ಅಮೆರಿಕದ ಫಿಲಡೆಲ್ಫಿಯಾ ನಗರವು 1959ರಲ್ಲೇ ಕಟ್ಟಡದ ವೆಚ್ಚದಲ್ಲಿ ನೂರಕ್ಕೊಂದು ಪಾಲು ಕಲೆಗೆ ಎಂದು ನಿಯಮ ಮಾಡಿತು. ಆಮೇಲೆ ಎಷ್ಟೋ ನಗರಗಳು ಅದನ್ನು ಅನುಸರಿಸಿದವು. 2 ಕೋಟಿ ರೂಪಾಯಿಯ ಒಂದು ಆಶ್ರಮಕ್ಕೆ ಈ ಲೆಕ್ಕ ಹಿಡಿದರೆ 2 ಲಕ್ಷ. ಅದನ್ನು ಪೂರ್ತಿ ಒಮ್ಮೆಗೇ ಖರ್ಚು ಮಾಡಬಾರದು. ಮೊದಲು ಇಬ್ಬರು ಮೂವರು ಕಲಾವಿದರಿಗೆ ಸಣ್ಣ ಸಂಭಾವನೆ ಕೊಟ್ಟು ಕರಡು ಮಾಡಿಸಬೇಕು. ಬಿಟ್ಟಿ ಕರಡು ಕೇಳುವ ಚಾಳಿ ನಮ್ಮಲ್ಲಿದೆ, ಅದು ತಪ್ಪು. ಕರಡುಗಳನ್ನು ಊಟದ ಮನೆಯಲ್ಲಿ ಒಂದು ವಾರ ತೂಗುಹಾಕಿದರೆ ವಾಸಿಗಳೇ ತೀರ್ಪು ಕೊಡುತ್ತಾರೆ, ಬಾಯಿಬಿಟ್ಟು ಹೇಳದವರು ಯಾವುದರ ಎದುರು ಹೆಚ್ಚು ಹೊತ್ತು ಕೂರುತ್ತಾರೆ ಎನ್ನುವುದನ್ನು ನೋಡಿದರೂ ಆಯಿತು. ಆಯ್ಕೆ ಸಮಿತಿಯಲ್ಲಿ ದಾನಿಗೆ ಒಂದು ಮತವಿದ್ದರೆ ವಾಸಿಗಳಿಗೆ ಎರಡಾದರೂ ಇರಬೇಕು. ಕರಾರು ಬರೆಯುವಾಗ ಹಣ ಎಷ್ಟು ಕಂತಿನಲ್ಲಿ ಎನ್ನುವುದರ ಜೊತೆಗೆ, ತೊಳೆಯುವವರು ಯಾರು, ಬಣ್ಣ ಮಾಸಿದರೆ ತಿದ್ದುವವರು ಯಾರು, ಗೋಡೆ ಒಡೆಯಬೇಕಾಗಿ ಬಂದರೆ ಕಲಾವಿದನಿಗೆ ಎಷ್ಟು ದಿನ ಮುಂಚೆ ತಿಳಿಸಬೇಕು ಎನ್ನುವುದೂ ಅದರಲ್ಲಿರಬೇಕು. ಸೋಮನಾಥ ದಂಡನಾಯಕ ನಿರ್ವಹಣೆಯ ದತ್ತಿಯನ್ನು ಕಲ್ಲಿನಲ್ಲೇ ಬರೆಸಿದ್ದ. ನಮಗೆ ಒಂದು ಛಾಪಾ ಕಾಗದ ಸಾಕು.

ವಾಸಿಗಳಲ್ಲೇ ಕೆಲಸ ಬಲ್ಲವರು ಇದ್ದಾರೆಯೇ ಎಂದು ಮೊದಲೇ ವಿಚಾರಿಸುವುದು ಲೇಸು. ಬಡಗಿಯಾಗಿದ್ದವರು, ಡ್ರಾಯಿಂಗ್ ಮೇಷ್ಟರಾಗಿದ್ದವರು, ಸಂಕ್ರಾಂತಿಗೆ ಅಂಗಳ ತುಂಬ ರಂಗೋಲಿ ಬಿಡುತ್ತಿದ್ದವರು, ಕೌದಿ ಹೊಲಿಯುತ್ತಿದ್ದವರು ಇಂಥ ಮನೆಗಳಲ್ಲಿ ಸುಮ್ಮನೆ ಕುಳಿತಿರುತ್ತಾರೆ. ಅವರಿಗೂ ಕೂಲಿ ಸಲ್ಲಬೇಕು. ಕೆಲಸ ಮುಗಿದ ಮೇಲೆ ಚಿತ್ರದ ಕೆಳಗೆ ಹೆಸರು ಬರೆಯುವಾಗ, ಬರೆದ ಹುಡುಗಿಯದನ್ನೂ ಕತೆ ಹೇಳಿದ ಅಜ್ಜಿಯದನ್ನೂ ಒಂದೇ ಸಾಲಿನಲ್ಲಿ, ಕನ್ನಡಕ ಹಾಕದೆ ಓದಬಹುದಾದಷ್ಟು ದಪ್ಪ ಅಕ್ಷರದಲ್ಲಿ ಬರೆಯಬಹುದು. ದಾನಿಯ ಹಲಗೆಯನ್ನು ಕಚೇರಿಯ ಕೋಣೆಯಲ್ಲಿ ಹಾಕಿದರಾಯಿತು.